ತಡವಾಗಿ ನಿಂತ ವೀರಗಲ್ಲು

ಆತಕೂರಿನ ಶಾಸನವನ್ನು ತರಗತಿಯಲ್ಲಿ ಪಾಠ ಹೇಳಲು ತೊಡಗಿ ನನಗೆ ಹಲವು ವರ್ಷಗಳಾದುವು. ಕ್ರಿ.ಶ. 949ರ ಸುಮಾರಿನ ಆ ಕಲ್ಲು ಮದ್ದೂರಿನ ಸೀಮೆಯಲ್ಲಿ ದೊರೆತು, ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ಎದುರು ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯನಾದ ಗಂಗ ಬೂತುಗನು ಬೇಕಾದುದನ್ನು ಬೇಡೆನ್ನಲು, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಕಾದಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ನಾಯಿಯನ್ನೂ ಮರೆಯದ ಜನ ನಮ್ಮ ಹಿಂದಿನವರು ಎಂದು ನಾನು ಪ್ರತಿ ವರ್ಷವೂ ಸ್ವಲ್ಪ ಹೆಮ್ಮೆಯಿಂದಲೇ ಪಾಠವನ್ನು ಮುಗಿಸುತ್ತಿದ್ದೆ.

ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸರ್, ಜೊತೆಯವರು ಯಾರೂ ಕಾಣದ ಹಾಗೆ ಒಬ್ಬ ಸತ್ತರೆ ಅವನಿಗೂ ಕಲ್ಲು ನೆಡುತ್ತಿದ್ದರೆ?" ಎಂದು ಕೇಳಿದ. ಆಗ ಏನೋ ಹೇಳಿ ಕೂರಿಸಿದೆ. ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ವೀರಗಲ್ಲು ಹೇಳುವುದು ಇಂಥವನು, ಇಂಥವರ ಮಗ, ಇಂಥ ಕಾಳಗದಲ್ಲಿ ಕಾದಿ ಸತ್ತನೆಂದು. ಅವನ ಮನೆಯವರಿಗೆ ಬಿಟ್ಟ ಭೂಮಿಯನ್ನೂ ಹಲವು ಕಲ್ಲುಗಳು ಹೇಳುತ್ತವೆ. ನೆತ್ತರುಗೊಡಗೆ ಎಂದು ಅದರ ಹೆಸರು. ಇಷ್ಟಕ್ಕೆಲ್ಲ ಕಂಡು ಬಂದು ಹೇಳಿದವನೊಬ್ಬ ಬೇಕು. ನಾನು ಓದಿದ ಯಾವ ಕಲ್ಲಿನಲ್ಲೂ "ಕಾಣೆಯಾದನು" ಎಂಬ ಮಾತನ್ನು ಕಂಡಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ನನಗೆ ಶಾಸನ ಸಂಪುಟಗಳಲ್ಲಿ ಸಿಕ್ಕಲಿಲ್ಲ. ಕೊಡಗಿನ ಒಬ್ಬ ಯೋಧನ ಬಾಳಿನಲ್ಲಿ ಸಿಕ್ಕಿತು.

ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರ ಡಿಸೆಂಬರ್ 24ರಂದು ಹುಟ್ಟಿದರು. ಅಜ್ಜಮಾಡ ಎಂಬುದು ಅವರ ಒಕ್ಕದ ಹೆಸರು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದ ಅವರಿಗೆ ಸೈನ್ಯವೇ ವೃತ್ತಿ, ಅದೇ ಬದುಕು. ಯುದ್ಧ ಬರುವ ಹೊತ್ತಿಗೆ ಅವರು ಕಿರಿಯರಿಗೆ ವಿಮಾನ ಹಾರಿಸಲು ಕಲಿಸುವ ಗುರುಗಳು. ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಮಪುರದಿಂದ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟುವು. ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಹೋಗಬೇಕಾದುದು 12 ವಿಮಾನಗಳು. ಯಾವುದಾದರೂ ಕೈಕೊಟ್ಟರೆ ಇರಲೆಂದು ಕಾದಿರಿಸಿದವರಲ್ಲಿ ದೇವಯ್ಯನವರು ಒಬ್ಬರು. ಒಂದು ವಿಮಾನ ಹಿಂದುಳಿಯಿತು. ತೆರವಾದ ಜಾಗಕ್ಕೆ ಅವರು ಹೋದರು. ಉಳಿದವರು ಮರಳಿದರು, ಅವರು ಮರಳಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆಯಲ್ಲಿ ಯಾರೂ ಇರಲಿಲ್ಲ.

ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ರೂಢಿ. ಊರಿಗೆ ಸುದ್ದಿ ಮುಟ್ಟುವುದು ಹಾಗೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಆ ಹಬ್ಬ ಕಳೆದು ನಾಲ್ಕೇ ದಿನಕ್ಕೆ ಈ ಸುದ್ದಿ. ಆದರೆ ಕಾಣೆಯಾದವನಿಗೆ ಎರಡು ಗುಂಡು ಹಾರಿಸುವುದು ಹೇಗೆ? ಅಳುವುದಕ್ಕೆ ದೇಹವಿಲ್ಲ, ಅಳದಿರುವುದಕ್ಕೆ ಧೈರ್ಯವಿಲ್ಲ. ಬಾಗಿಲ ಸದ್ದಿಗೆ ಕಿವಿಗೊಟ್ಟು ಬದುಕುವ ಮನೆಗಳ ಕಷ್ಟವನ್ನು ಯುದ್ಧದ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಸಾಕ್ಷಿ ಇದ್ದದ್ದು ಗಡಿಯಾಚೆ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ 1965ರ ಆಕಾಶಯುದ್ಧದ ಚರಿತ್ರೆಯನ್ನು ಬರೆದು ಪ್ರಕಟಿಸಿದ. ಆ ದಿನ ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್ ವಿಮಾನದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಮಿಸ್ಟೇರೊಂದನ್ನು ಬೆನ್ನಟ್ಟಿದ್ದ. ಮೊದಲ ಪೆಟ್ಟು ತಿಂದದ್ದು ಮಿಸ್ಟೇರೇ. ವೇಗದಲ್ಲಿ ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮನೆಗೆ ಮರಳಲು ಬೇಕಾದಷ್ಟೇ ಎಣ್ಣೆ ಉಳಿದಿದ್ದ ಹೊತ್ತಿನಲ್ಲಿ ಆ ಗಾಯಗೊಂಡ ವಿಮಾನ ತಿರುಗಿ ನಿಂತು ಸ್ಟಾರ್‌ಫೈಟರನ್ನು ಹೊಡೆದುರುಳಿಸಿತು. ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಉಳಿದುಕೊಂಡ. ಮಿಸ್ಟೇರೂ ನೆಲಕ್ಕೆ ಬಿತ್ತು. ಅಂದು ಮರಳದೆ ಉಳಿದ ಮಿಸ್ಟೇರಿನ ಲೆಕ್ಕ ಹಾಕಿದರೆ, ಅದರಲ್ಲಿದ್ದವರು ದೇವಯ್ಯನವರೇ ಎಂಬುದು ತಿಳಿಯಿತು. ಅವರ ದೇಹವನ್ನು ಆ ಕಡೆಯ ಹಳ್ಳಿಗರು ತಮ್ಮ ಹೊಲದಲ್ಲಿಯೇ ಮಣ್ಣುಮಾಡಿದರೆಂದು ಪಾಕಿಸ್ತಾನದ ಬರಹಗಳು ಹೇಳುತ್ತವೆ.

ವಿಧಿಯ ವಿಚಿತ್ರವನ್ನು ನೋಡಿ: ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ಮತ್ತೆ ವಿಮಾನ ಕಳೆದುಕೊಂಡು ನಮ್ಮವರ ಕೈಗೆ ಸೆರೆಸಿಕ್ಕಿದ್ದ. ಆ ಹೊತ್ತಿಗೆ ಇಲ್ಲಿ ದೇವಯ್ಯನವರ ಕಥೆ ಹೊರಬಿದ್ದಿರಲಿಲ್ಲ.

ಅಂದಿನ ನಾಯಕ ತನೇಜಾ ಅವರು ಇದನ್ನು ಸರ್ಕಾರದ ಗಮನಕ್ಕೆ ತಂದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂದಿತು. ಪತ್ನಿ ಅದನ್ನು ಸ್ವೀಕರಿಸಿದರು. ನಡುವೆ 23 ವರ್ಷಗಳು ಸಂದಿದ್ದುವು. ತಂದೆಯ ಕೈಬೆರಳು ಹಿಡಿದು ನಡೆಯಬೇಕಾದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಪದಕದ ಬೆಲೆಯನ್ನು ನಾನು ಕಡಮೆಮಾಡುತ್ತಿಲ್ಲ. ಆದರೆ ಆ ಮನೆಗೆ ಅದರ ಜೊತೆಯಲ್ಲಿ ಬಂದ ಇನ್ನೊಂದು ವಸ್ತುವೇ ದೊಡ್ಡದೆಂದು ನನಗೆ ತೋರುತ್ತದೆ: ಅವರು ಹೇಗೆ ಸತ್ತರೆಂಬ ತಿಳಿವಳಿಕೆ. 2020ರಲ್ಲಿ ಮಡಿಕೇರಿಯಲ್ಲಿ ಅವರ ಪ್ರತಿಮೆಯೂ ನಿಂತಿತು. ಅದನ್ನು ನಾನು ವೀರಗಲ್ಲೆಂದೇ ಕರೆಯುತ್ತೇನೆ.

ಈ ವರ್ಷ ಆತಕೂರಿನ ಪಾಠ ಮುಗಿದ ಮೇಲೆ ಆ ಹುಡುಗನ ಪ್ರಶ್ನೆಯನ್ನು ನಾನೇ ಹೊಸ ತರಗತಿಯ ಮುಂದಿಟ್ಟು ಈ ಕಥೆಯನ್ನು ಹೇಳಿದೆ. ಕಲ್ಲು ನೆಡುವ ಮೊದಲು ಕಂಡವರನ್ನು ಹುಡುಕಿಕೊಂಡು ಹೋಗಬೇಕು, ಅವರು ಹಗೆಯವರಾದರೂ ಸರಿ. ಅವರು ಸಿಕ್ಕುವ ತನಕ ಮನೆಯಲ್ಲಿ ಉಳಿದವರನ್ನು ಮರೆಯಬಾರದು. ಹೆಮ್ಮೆಯ ಮಾತನ್ನು ಈ ಸಲ ಆಡಲಿಲ್ಲ. ಗಂಟೆ ಹೊಡೆಯಿತು, ಆದರೂ ಹುಡುಗರು ಕೊಂಚ ಹೊತ್ತು ಏಳಲಿಲ್ಲ.