ಪೆಟ್ಟಿಗೆ ಹೇಳದ ಚಿಪ್: ಮುಕ್ತ ಫರ್ಮ್‌ವೇರ್ ಒಪ್ಪುವ ಸ್ಮಾರ್ಟ್ ಸಾಧನಗಳನ್ನು ಗುರುತಿಸುವ ಬಗೆ

ಸ್ಮಾರ್ಟ್ ಪ್ಲಗ್, ಸ್ವಿಚ್, ಬಲ್ಬುಗಳಲ್ಲಿ ತಯಾರಕರ ಫರ್ಮ್‌ವೇರ್ ಅಳಿಸಿ ಟಾಸ್ಮೋಟಾ ಅಥವಾ ಇಎಸ್‌ಪಿಹೋಮ್ ಎಂಬ ಮುಕ್ತ ಫರ್ಮ್‌ವೇರ್ ಹಾಕಿದರೆ ಅವು ದೂರದ ಸರ್ವರಿನ ಹಂಗಿಲ್ಲದೆ ಮನೆಯ ಜಾಲದೊಳಗೇ ಕೆಲಸ ಮಾಡುತ್ತವೆ. ಆ ಹಂಗು ಎಂಥದ್ದೆಂದು ರಿವಾಲ್ವ್ ಹಬ್ ಕೊಂಡವರಿಗೆ 2016ರ ಮೇ ತಿಂಗಳಲ್ಲಿ ಸರ್ವರ್ ನಿಂತಾಗ ತಿಳಿಯಿತು. ಇನ್‌ಸ್ಟಿಯಾನ್ ಗ್ರಾಹಕರಿಗೆ 2022ರ ಏಪ್ರಿಲ್‌ನಲ್ಲಿ. ಯಾವುದನ್ನು ಕೊಳ್ಳಬೇಕೆಂದು ಕೇಳಿದವರಿಗೆ ಬ್ರ್ಯಾಂಡುಗಳ ಪಟ್ಟಿ ಕೊಡುವುದು ರೂಢಿ. ಆ ಪಟ್ಟಿಗಳು ಬಹುಬೇಗ ಹಳತಾಗುತ್ತವೆ. ಪತ್ತೆಹಚ್ಚಬೇಕಾದ್ದು ಮಾದರಿಯ ಹೆಸರನ್ನಲ್ಲ, ಒಳಗಿನ ಚಿಪ್ ಅನ್ನು ಎಂಬುದು ಈ ಲೇಖನದ ವಾದ.

ಶಾಂಘಾಯಿಯ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು. ಸೋನಾಫ್ ಬೇಸಿಕ್ ಸ್ವಿಚ್ಚಿನಲ್ಲಿ ಇದೇ ಚಿಪ್ ಇತ್ತು, ಸೀರಿಯಲ್ ಸಂಪರ್ಕದ ಬಿಂದುಗಳೂ ಬೋರ್ಡಿನ ಮೇಲೆ ತೆರೆದೇ ಇದ್ದವು. ಥಿಯೋ ಅರೆಂಡ್ಸ್ ಟಾಸ್ಮೋಟಾ ಬರೆದದ್ದು ಮೊದಲಿಗೆ ಈ ಸ್ವಿಚ್ಚಿಗಾಗಿಯೇ.

ತೊಡಕು ಶುರುವಾದದ್ದು ತುಯಾ ವೇದಿಕೆಯಿಂದ. ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ ಪ್ಲಗ್ಗು, ಬಲ್ಬುಗಳ ಒಳಗೆ ಇರುವುದು ಇದರದೇ ಮಾಡ್ಯೂಲ್. 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಸಂಶೋಧಕರು ಅದರ ಭದ್ರತಾ ಲೋಪವನ್ನು ಬಹಿರಂಗಪಡಿಸಿದ ಮೇಲೆ, ಸಾಧನವನ್ನು ಬಿಚ್ಚದೆ ವೈಫೈ ಮೂಲಕವೇ ಫರ್ಮ್‌ವೇರ್ ಬದಲಿಸುವ ತುಯಾ-ಕನ್ವರ್ಟ್ ಹುಟ್ಟಿತು. ಕಂಪನಿ ಲೋಪವನ್ನು ಮುಚ್ಚಿತು. ಮುಂದೆ ಮಾಡ್ಯೂಲಿನ ಚಿಪ್ಪೇ ಬದಲಾಯಿತು: ಇಎಸ್‌ಪಿ8266 ಇದ್ದ ಟಿವೈಡಬ್ಲ್ಯುಇ3ಎಸ್ ಜಾಗದಲ್ಲಿ ಬೆಕೆನ್ ಕಂಪನಿಯ ಬಿಕೆ7231 ಚಿಪ್ ಇರುವ ಡಬ್ಲ್ಯುಬಿ3ಎಸ್ ಬಂದು ಕೂತಿತು. ಎರಡರ ಅಳತೆ ಒಂದೇ, ಪಿನ್ನುಗಳ ಸಾಲೂ ಒಂದೇ. ಹೊರಗಿನ ಕವಚದಲ್ಲೋ ಮಾದರಿ ಸಂಖ್ಯೆಯಲ್ಲೋ ಈ ಬದಲಾವಣೆಯ ಸುಳಿವೇ ಇಲ್ಲದಿರಬಹುದು. ಬೆಕೆನ್ ಚಿಪ್ಪಿನದು ಎಆರ್‌ಎಂ ಜಾತಿಯ ಪ್ರೊಸೆಸರ್. ಇಎಸ್‌ಪಿಗೆಂದು ತಯಾರಾದ ಟಾಸ್ಮೋಟಾ ಅದರ ಮೇಲೆ ಓಡದು. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಓಪನ್‌ಬೆಕೆನ್ ಎಂಬ ಫರ್ಮ್‌ವೇರ್ ಇದೆ, ಇಎಸ್‌ಪಿಹೋಮನ್ನು ಈ ಚಿಪ್ಪುಗಳಿಗೆ ಒಗ್ಗಿಸುವ ಲಿಬ್ರೆಟೈನಿ ಇದೆ.

ಕೊಳ್ಳುವ ಮೊದಲೇ ಚಿಪ್ ತಿಳಿಯುವುದು ಹೇಗೆ? ಅಮೆರಿಕದಲ್ಲಿ ಮಾರುವ ಸಾಧನವಾದರೆ ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಗುರುತುಸಂಖ್ಯೆಯಿಂದ ಬೋರ್ಡಿನ ಒಳಚಿತ್ರಗಳು ಸಾಮಾನ್ಯವಾಗಿ ಸಿಗುತ್ತವೆ. ನಮ್ಮ ಮೂರು ಪಿನ್ನಿನ 16 ಆ್ಯಂಪಿಯರ್ ಪ್ಲಗ್ ಅಲ್ಲಿಗೆ ಹೋಗುವ ಸರಕಲ್ಲ. ಅದರ ಬೆನ್ನಿನ ಮೇಲೆ ಆ ಸಂಖ್ಯೆಯನ್ನು ನಿರೀಕ್ಷಿಸುವಂತಿಲ್ಲ. ಕೊಂಡ ಮೇಲಾದರೆ ರೌಟರಿನಲ್ಲಿ ಕಾಣುವ ಮ್ಯಾಕ್ ವಿಳಾಸದ ಮೊದಲ ಆರು ಅಕ್ಷರಗಳನ್ನು ನೋಡಬಹುದು. ಅವು ಎಸ್ಪ್ರೆಸಿಫ್ ಹೆಸರಿಗೆ ನೋಂದಣಿಯಾಗಿದ್ದರೆ ಅದು ಬಲವಾದ ಸಾಕ್ಷ್ಯ. ತುಯಾ ಹೆಸರಿಗಿದ್ದರೆ ಚಿಪ್ ಯಾವುದೆಂದು ಅಷ್ಟರಿಂದಲೇ ತಿಳಿಯದು, ಕವಚ ಬಿಚ್ಚಲೇಬೇಕು. ಬಿಚ್ಚಿದಾಗ 230 ವೋಲ್ಟ್ ಸಂಪರ್ಕ ಕಡ್ಡಾಯವಾಗಿ ಕಡಿದಿರಬೇಕು. ವಿದ್ಯುತ್ ಬಳಕೆ ಅಳೆಯುವ ಎಷ್ಟೋ ಪ್ಲಗ್ಗುಗಳಲ್ಲಿ 3.3 ವೋಲ್ಟಿನ ಭಾಗವೂ ಮನೆಯ ತಂತಿಗೆ ನೇರವಾಗಿ ತಾಗಿರುತ್ತದೆ.

ನನ್ನ ವಾದಕ್ಕೆ ಒಂದು ಮಿತಿಯಿದೆ. ಎಸ್ಪ್ರೆಸಿಫ್‌ನದೇ ಇನ್ನೊಂದು ಚಿಪ್ ಇಎಸ್‌ಪಿ32ರಲ್ಲಿ ಸೆಕ್ಯೂರ್ ಬೂಟ್ ಸೌಲಭ್ಯವನ್ನು ತಯಾರಕರು ಒಮ್ಮೆ ಸಕ್ರಿಯಗೊಳಿಸಿದರೆ ಮತ್ತೆ ಹಿಂತೆಗೆಯಲಾಗದು. ಅವರ ಸಹಿಯಿಲ್ಲದ ಫರ್ಮ್‌ವೇರ್ ಅಲ್ಲಿ ಚಾಲೂ ಆಗುವುದೇ ಇಲ್ಲ. ಆದ್ದರಿಂದ ಹೊಂದಾಣಿಕೆಯ ದಾಖಲೆಗಳಲ್ಲಿ ಚಿಪ್ ಹೆಸರಿನ ಜೊತೆಗೆ ಕೊಂಡ ತಿಂಗಳು, ಮೂಲ ಫರ್ಮ್‌ವೇರ್ ಆವೃತ್ತಿ ಮತ್ತು ಈ ಬೀಗದ ಸ್ಥಿತಿಯನ್ನೂ ನಮೂದಿಸಬೇಕು.