ಮುಸ್ಸಂಜೆಯ ಬೇಟೆಯೂ ಕೋವಿಯ ದೂರದರ್ಶಕವೂ

ದಶರಥ ಮಹಾರಾಜನು ತನ್ನ ಯೌವನದ ಪಾಪವೊಂದನ್ನು ಕೌಸಲ್ಯೆಗೆ ಅರಿಕೆಮಾಡಿಕೊಂಡ ವೃತ್ತಾಂತವು ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಬಂದಿರುವುದು ಸರ್ವವಿದಿತವಷ್ಟೆ. ಮಳೆಗಾಲದ ಒಂದು ಇರುಳು ಸರಯೂತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ದನಿಯೆಂದು ಬಗೆದು ಅವನು ಬಾಣವನ್ನು ಬಿಟ್ಟನು, ಬಿದ್ದವನು ಮುನಿಕುಮಾರನು. ಗುರಿ ತಪ್ಪಿರಲಿಲ್ಲ, ತಪ್ಪಿದುದು ಗುರುತು. ಬೆಳಕು ಕುಂದಿದಾಗ ಬೇಟೆಗೆ ನಿಂತವನನ್ನು ಈ ಭಯವು ಎಂದಿಗೂ ಬಿಟ್ಟಿಲ್ಲ. ಕೋವಿಯ ಮೇಲೆ ದೂರದರ್ಶಕವನ್ನು ಕೂರಿಸಿದ ಯೂರೋಪಿನ ಬೇಟೆಗಾರರು ಇದಕ್ಕೆ ಒಂದು ಮಟ್ಟಿನ ಪರಿಹಾರವನ್ನು ಕಂಡುಕೊಂಡರು.

ಎರಡು ಉಬ್ಬುಮಸೂರಗಳ ದೂರದರ್ಶಕವನ್ನು ಕೆಪ್ಲರನು 1611ರಲ್ಲಿ ವಿವರಿಸಿದನು. ಅದರೊಳಗೆ ಬಿಂಬವು ಮೂಡುವ ಸ್ಥಳದಲ್ಲಿಯೇ ಸೂಕ್ಷ್ಮವಾದ ಎಳೆಯನ್ನಿಟ್ಟರೆ ಎಳೆಯೂ ಬಿಂಬವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುವೆಂಬುದನ್ನು ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನನು 1640ರ ಸುಮಾರಿನಲ್ಲಿ ಕಂಡುಕೊಂಡನು. ಅವನಿಗೆ ಈ ಯುಕ್ತಿಯನ್ನು ತೋರಿಸಿಕೊಟ್ಟುದು ಕೊಳವೆಯೊಳಗೆ ಜೇಡವು ಎಳೆದಿದ್ದ ನೂಲು. ಬರಿಗಣ್ಣಿನ ಬೇಟೆಗಾರನು ಕೋವಿಯ ಹಿಂದಣ ಕಚ್ಚು, ತುದಿಯ ಮಣಿ, ದೂರದ ಮೃಗ, ಈ ಮೂರನ್ನೂ ಒಮ್ಮೆಗೇ ನೋಡಬೇಕು. ಮುಸ್ಸಂಜೆಯಲ್ಲಿ ಮಣಿಯೇ ಕಾಣದಾಗುವುದು. ಎಳೆಯ ಉಪಾಯವು ಈ ತೊಡಕನ್ನು ನೀಗಿತು. ಆದರೂ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಬಳಸಿದ ದೂರದರ್ಶಕಗಳು ಹಲವು ವೇಳೆ ನಳಿಗೆಯಷ್ಟೇ ಉದ್ದವಾಗಿದ್ದುವು. ಆಸ್ಟ್ರಿಯದ ಆಗಸ್ಟ್ ಫೀಡ್ಲರನು 1880ರಲ್ಲಿ ಬೇಟೆಗೆ ಒಗ್ಗುವಂಥದನ್ನು ನಿರ್ಮಿಸಿದನು.

ಇಷ್ಟಾದರೂ ಬೆಳಕಿನ ಕೊರತೆಯು ನೀಗಲಿಲ್ಲ. ಬೆಳಕು ಗಾಜಿನ ಒಂದೊಂದು ಮೈಯನ್ನು ದಾಟುವಾಗಲೂ ನೂರರಲ್ಲಿ ಸುಮಾರು 4 ಪಾಲು ಹಿಂದಕ್ಕೆ ಚಿಮ್ಮುವುದು. ನಾಲ್ಕು ಮಸೂರಗಳಿದ್ದರೆ ಎಂಟು ಮೈಗಳಾದುವು. ಕಣ್ಣಿಗೆ ತಲಪುವುದು ಸುಮಾರು 72 ಪಾಲು ಮಾತ್ರ. 1935ರಲ್ಲಿ ಯೇನಾ ನಗರದ ಕಾರ್ಲ್ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲನು ಗಾಜಿಗೆ ನಿರ್ವಾತದಲ್ಲಿ ಅತಿ ತೆಳುವಾದ ಲೇಪವನ್ನು ಹಚ್ಚಿ ಈ ನಷ್ಟವನ್ನು ಬಹುವಾಗಿ ತಗ್ಗಿಸಿದನು.

ಇನ್ನು ಆಯ್ಕೆಯ ಮಾತು. ಮುಂದಣ ಮಸೂರದ ಅಡ್ಡಳತೆಯನ್ನು ಹಿಗ್ಗಿಸುವ ಪ್ರಮಾಣದಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂತೆಯ ಅಗಲವು ದೊರೆಯುವುದು. ಕತ್ತಲೆಯಲ್ಲಿ ತರುಣನ ಕಣ್ಣಿನ ಪಾಪೆಯು ಸುಮಾರು 7 ಮಿಲ್ಲಿಮೀಟರಿನಷ್ಟು ಅರಳುವುದು. ಎಂಟು ಪಟ್ಟು ಹಿಗ್ಗಿಸುವ, 56 ಮಿಲ್ಲಿಮೀಟರಿನ ಮಸೂರವುಳ್ಳ ಯಂತ್ರದ ಕಂತೆಯೂ ಸರಿಯಾಗಿ 7 ಮಿಲ್ಲಿಮೀಟರು. ಮಧ್ಯಯೂರೋಪಿನ ಬೇಟೆಗಾರರು ಇದನ್ನು ಮೆಚ್ಚಿದುದಕ್ಕೆ ಕಾರಣವಿದೇ. ವಯಸ್ಸಾದವರ ಪಾಪೆಯು 5 ಮಿಲ್ಲಿಮೀಟರಿನಷ್ಟೇ ಅರಳುವುದಾದರೆ ಎಂಟು ಪಟ್ಟಿಗೆ 42 ಮಿಲ್ಲಿಮೀಟರಿನ ಮಸೂರವೇ ಸಾಕು, ಮಿಕ್ಕುದು ಹೊರೆ. ಹಿಗ್ಗಿಸುವ ಪ್ರಮಾಣವೊಂದನ್ನೇ ಏರಿಸುತ್ತ ಹೋದರೆ ಕಂತೆಯು ಕಿರಿದಾಗಿ ಬಿಂಬವು ಮಸಕಾಗುವುದು. ಮಸೂರಗಳಿಂದಲೇ ಆದ ಯಾವ ದೂರದರ್ಶಕವೂ ಮೃಗದ ಮೈಯನ್ನು ಬರಿಗಣ್ಣಿಗೆ ಕಾಣುವುದಕ್ಕಿಂತ ಬೆಳ್ಳಗೆ ತೋರಿಸಲಾರದು. ದೊಡ್ಡದಾಗಿ ತೋರಿಸಿ ಗುರುತಿಗೆ ನೆರವಾಗುವುದಷ್ಟೆ ಅದರ ಕೆಲಸ.

ಆ ಗುರುತಿನ ಬೆಲೆಯನ್ನು ಜರ್ಮನಿಯ ಬೇಟೆಯ ಕಾನೂನು ಚೆನ್ನಾಗಿ ಅರಿತಿದೆ. ಸೂರ್ಯಾಸ್ತದ ಒಂದೂವರೆ ಗಂಟೆಯ ಬಳಿಕ, ಸೂರ್ಯೋದಯಕ್ಕೆ ಒಂದೂವರೆ ಗಂಟೆಯಿರುವ ತನಕ, ಜಿಂಕೆ ಮೊದಲಾದುವನ್ನು ಕೊಲ್ಲುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸುವುದು. ಕಾಡುಹಂದಿಗೆ ಮಾತ್ರ ವಿನಾಯಿತಿ. ಮರಿಗಳನ್ನು ಸಾಕುತ್ತಿರುವ ತಾಯಿಯನ್ನು ಕೊಲ್ಲುವುದಕ್ಕೂ ತಡೆಯುಂಟು. ಆದುದರಿಂದ ಬೆಳುದಿಂಗಳಲ್ಲಿ ಅಟ್ಟಣೆಯ ಮೇಲೆ ಕುಳಿತವನು, ಮುಂದೆ ನಿಂತಿರುವುದು ಒಂಟಿ ಸಲಗವೋ, ಹುಲ್ಲಿನಲ್ಲಿ ಮರಿಗಳನ್ನು ಮರೆಸಿಕೊಂಡಿರುವ ತಾಯಿಯೋ ಎಂದು ಮೊದಲು ನಿಶ್ಚಯಿಸಬೇಕು. ನಮ್ಮ ದೇಶದಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ವಿನೋದದ ಬೇಟೆಯ ಕಾಲವೇ ಮುಗಿಯುತ್ತ ಬಂದಿತು.

ಮಸೂರವನ್ನು ಎಷ್ಟು ವಿವೇಚಿಸಿ ಆರಿಸಿದರೂ ಅದರೊಳಗೆ ಕಂಡುದು ಸಂದೇಹವೇ ಆದರೆ ಗುಂಡು ಹಾರಿಸದೆ ಕೈಯನ್ನು ಹಿಂದೆಗೆಯುವ ಧೈರ್ಯವು ಬೇಟೆಗಾರನಿಗಿರಬೇಕು. ದಶರಥನು ಅರೆಗಳಿಗೆ ತಾಳಿದ್ದರೆ ಕುರುಡರಾದ ಆ ವೃದ್ಧ ದಂಪತಿಗಳ ಮನೆಗೆ ನೀರು ತಲಪುತ್ತಿತ್ತು.