ತುಳುನಾಡಿನ ಗಡಂಗು

ಕುಮಾರಪರ್ವತದ ಬುಡದಲ್ಲಿ, ಕುಮಾರಧಾರೆಯ ದಡದಲ್ಲಿ ನೆಲಸಿರುವ ಸುಬ್ರಹ್ಮಣ್ಯಕ್ಷೇತ್ರದ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳ ಕೊರತೆಯಿಲ್ಲ. ದೇವಾಲಯವುಂಟು, ಮಠವುಂಟು, ಸ್ಥಳಪುರಾಣವುಂಟು. ಆದರೆ ಕ್ಷೇತ್ರದಿಂದ ಪಡುವಲಿಗೆ ಪಂಜ, ಎಣ್ಮೂರು, ಬೆಳ್ಳಾರೆಗಳ ಕಡೆಗೆ ಹೊರಟು, ಗದ್ದೆ ತೋಟಗಳಲ್ಲಿ ದುಡಿದವರು ಹೊತ್ತು ಮುಳುಗಿದ ಮೇಲೆ ಎಲ್ಲಿ ಕೂಡುತ್ತಿದ್ದರು, ಏನು ಮಾತನಾಡುತ್ತಿದ್ದರು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅವರು ಕೂಡುತ್ತಿದ್ದ ಸ್ಥಳಗಳಲ್ಲೊಂದು ಕಳ್ಳಿನ ಅಂಗಡಿ. ಈ ಸೀಮೆಯ ಮಾತಿನಲ್ಲಿ ಗಡಂಗು.

ಗಡಂಗಿನ ವಿಚಾರವಾಗಿ ಉಳಿದಿರುವ ಬರಹವು ಹೆಚ್ಚಾಗಿ ಇಬ್ಬರದು. ಒಬ್ಬನು ಅಬ್ಕಾರಿಯ ಅಧಿಕಾರಿ. ಅವನು ಮರಗಳನ್ನೂ ಹಣವನ್ನೂ ಎಣಿಸಿದನು. ಇನ್ನೊಬ್ಬನು ಪಾನನಿರೋಧದ ಪ್ರಚಾರಕ. ಅವನು ಕೆಟ್ಟ ಸಂಸಾರಗಳನ್ನು ಎಣಿಸಿದನು. ಇಬ್ಬರ ಲೆಕ್ಕವೂ ಸುಳ್ಳಲ್ಲ. ಆದರೆ ಕಳ್ಳನ್ನು ಇಳಿಸಿದವನ, ಮಾರಿದವಳ, ಕುಡಿದವನ ಮಾತು ಈ ಎರಡು ಕಡತಗಳಲ್ಲಿಯೂ ಕೇಳಿಬರುವುದು ಅಪೂರ್ವ. ಅದು ಅಡಿಗೆಮನೆಯಲ್ಲಿ, ಐತಿಹ್ಯಗಳಲ್ಲಿ, ಪಾಡ್ದನಗಳಲ್ಲಿ, ಸಾಹಿತ್ಯದಲ್ಲಿ ಉಳಿದಿದೆ. ಇವುಗಳನ್ನೂ ಚರಿತ್ರೆಯ ಆಧಾರಗಳೆಂದು ಪರಿಗಣಿಸಬೇಕೆಂಬುದೇ ಪ್ರಕೃತ ಲೇಖನದ ವಾದ.

೧

ಮೊದಲು ವಸ್ತುವಿನ ವಿಚಾರ. ಕಳ್ಳು ಎಂಬುದು ದ್ರಾವಿಡ ಭಾಷೆಗಳಿಗೆ ಸಾಧಾರಣವಾದ ಹಳೆಯ ಶಬ್ದ; ತಮಿಳಿನಲ್ಲಿ ಕಳ್, ಮಲಯಾಳದಲ್ಲಿ ಕಳ್ಳ್, ತುಳುವಿನಲ್ಲಿ ಕಲಿ. ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಈಚಲಿನ ಹೆಂಡ ಪ್ರಸಿದ್ಧವಾದರೆ, ಘಟ್ಟದ ಕೆಳಗೆ ತೆಂಗು, ತಾಳೆ, ಬೈನೆ ಮರಗಳಿಂದ ಕಳ್ಳನ್ನು ಇಳಿಸುವ ವಾಡಿಕೆ. ಈ ಕಸುಬಿಗೆ ಇಲ್ಲಿ ಮೂರ್ತೆಯೆಂದೂ ಕಸುಬಿನವರಿಗೆ ಮೂರ್ತೆದಾರರೆಂದೂ ಹೆಸರು. ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲನೆ ಬಡಿದು ಹದಗೊಳಿಸಿ, ತುದಿಯನ್ನು ಪ್ರತಿದಿನವೂ ತೆಳ್ಳಗೆ ಕೊಯ್ದು, ಒಸರುವ ರಸವನ್ನು ಮಡಕೆಯಲ್ಲಿ ಹಿಡಿಯುತ್ತಾರೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ರಸವು ಸಿಹಿಯಾಗಿಯೇ ಇರುವುದು. ಅದನ್ನು ಕಾಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿತು ಕಳ್ಳಾಗುತ್ತದೆ. ಇನ್ನೂ ಬಿಟ್ಟರೆ ಹುಳಿನೀರು, ಬಟ್ಟಿಯಿಳಿಸಿದರೆ ಸಾರಾಯಿ. ಒಂದೇ ಮರದ ಒಂದೇ ರಸವು ಹೀಗೆ ಸುಣ್ಣ, ಹೊತ್ತು, ಬೆಂಕಿ ಇವುಗಳ ಭೇದದಿಂದ ನಾಲ್ಕು ಪದಾರ್ಥಗಳಾಗುವುದರಿಂದ, ಇದಕ್ಕೆ ಕಾನೂನು ಮಾಡಹೊರಟ ಸರಕಾರಗಳಿಗೆ ಮೊದಲಿನಿಂದಲೂ ತೊಡಕಾಗಿದ್ದಿತು. ಹೊತ್ತಾರೆ ಸಿಹಿಯಾಗಿದ್ದುದು ಸಂಜೆಗೆ ಅಬ್ಕಾರಿಗೆ ಒಳಪಡುವ ವಸ್ತುವಾಗುತ್ತಿತ್ತು.

ಕಳ್ಳಿಗೆ ಐದನೆಯ ಉಪಯೋಗವೊಂದುಂಟು. ಹಿಟ್ಟನ್ನು ಉಬ್ಬಿಸುವ ಶಕ್ತಿ ಅದಕ್ಕಿದೆ. ಕ್ರಿ. ಶ. ೧೫೧೦ರಲ್ಲಿ ಗೋವೆಯನ್ನು ವಶಮಾಡಿಕೊಂಡ ಪೋರ್ಚುಗೀಸರಿಗೆ ತಮ್ಮ ರೊಟ್ಟಿಯೊಡನೆ ಅದರ ಹುಳಿಯನ್ನೂ ಹಡಗಿನಲ್ಲಿ ತರುವುದು ಸುಲಭವಾಗಿರಲಿಲ್ಲ; ಗೋವೆಯ ರೊಟ್ಟಿಗಾರರು ಗೋದಿಹಿಟ್ಟಿಗೆ ತೆಂಗಿನ ಕಳ್ಳನ್ನು ಬೆರೆಸಿ ಪಾವನ್ನು ಬೇಯಿಸಿದರು. ಪಾವು ಎಂಬ ಹೆಸರೂ ಪೋರ್ಚುಗೀಸ್ ಶಬ್ದದಿಂದಲೇ ಬಂದುದು. ಗೋವೆಯಿಂದ ತೆಂಕಲಿಗೆ ಬಂದು ಮಂಗಳೂರಿನ ಸೀಮೆಯಲ್ಲಿ ನೆಲಸಿದ ಕೊಂಕಣಿ ಕ್ರೈಸ್ತರ ಹಬ್ಬದೂಟದ ಸಾನ್ನಾ ಅಕ್ಕಿಯ ಹಿಟ್ಟಿಗೆ ಕಳ್ಳು ಬೆರೆಸಿ ಹಬೆಯಲ್ಲಿ ಬೇಯಿಸಿದ ತಿಂಡಿ. ಮಲಯಾಳದ ಕಳ್ಳಪ್ಪವು ಹೆಸರಿನಲ್ಲಿಯೇ ತನ್ನ ಮೂಲವನ್ನು ಹೇಳುತ್ತದೆ. ಗಡಂಗಿನ ಹೊಸ್ತಿಲನ್ನು ತುಳಿಯಲೊಲ್ಲದ ಮನೆಗಳಿಗೂ ಗಡಂಗಿನ ನೊರೆಯು ಹೀಗೆ ಹಿತ್ತಿಲಬಾಗಿಲಿನಿಂದ ಬಂದು ಸೇರಿತು. ಇಂದು ಹೆಚ್ಚಾಗಿ ಅಂಗಡಿಯ ಯೀಸ್ಟನ್ನೇ ಬಳಸುವರಾದರೂ ಹಳಬರು ಕಳ್ಳಿನ ಸಾನ್ನಾದ ರುಚಿಯನ್ನು ಬೇರೆಯಾಗಿಯೇ ಎಣಿಸುತ್ತಾರೆ.

೨

ಕನ್ನಡ ನಾಡಿನ ಪ್ರಾಚೀನ ಗ್ರಂಥಗಳಲ್ಲಿ ಪಾನದ ಪ್ರಸ್ತಾಪವು ಎರಡು ಬಗೆಯಾಗಿ ಕಾಣುತ್ತದೆ. ಒಂದು ಭೋಗದ ದೃಷ್ಟಿ. ಕ್ರಿ. ಶ. ೯೪೧ರ ಪಂಪನ ವಿಕ್ರಮಾರ್ಜುನವಿಜಯದಲ್ಲಿ ನಾಲ್ಕನೆಯ ಆಶ್ವಾಸದ ವೇಶ್ಯಾವಾಟಿಯ ವರ್ಣನೆಯೊಡನೆ ಪಾನಗೋಷ್ಠಿಯೂ ಬರುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಮಾನಸೋಲ್ಲಾಸದಲ್ಲಿ ಅರಸನ ಕ್ರೀಡೆಗಳ ನಡುವೆ ಮದಿರಾಪಾನಕ್ರೀಡೆಗೂ ಒಂದು ಸ್ಥಾನವುಂಟು. ಇಲ್ಲಿ ಮದ್ಯದ ರುಚಿಯನ್ನು ನೋಡುವುದು ಒಂದು ಕಲೆ. ಆದರೆ ಇವೆರಡರಲ್ಲಿಯೂ ಮರವನ್ನು ಹತ್ತಿದವನ ಸುಳಿವಿಲ್ಲ.

ಇನ್ನೊಂದು ಬಗೆಯು ಹನ್ನೆರಡನೆಯ ಶತಮಾನದ ಶರಣರಲ್ಲಿ ದೊರೆಯುತ್ತದೆ. ಹೆಂಡವನ್ನು ಮಾರುತ್ತಿದ್ದ ಮಾರಯ್ಯನೆಂಬ ಶರಣನು ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದಾನೆ. ಹೆಂಡದ ಮಾರಯ್ಯನೆಂದೇ ಅವನ ಹೆಸರು. ಕಸುಬನ್ನು ಮರೆಮಾಡಿ ಅವನನ್ನು ಶರಣರ ಸಾಲಿನಲ್ಲಿ ಕೂರಿಸಲಿಲ್ಲವೆಂಬುದು ವಿಚಾರಾರ್ಹ. ಅಂಗಡಿಗೆ ಬಂದವರಿಗೆ ಅವನು ಹೆಂಡದೊಡನೆ ಬುದ್ಧಿಯ ಮಾತನ್ನೂ ಹೇಳುತ್ತಿದ್ದನೆಂದು ಐತಿಹ್ಯ. ಕಳ್ಳಿನ ಮಡಕೆಯ ಪಕ್ಕದಲ್ಲಿ ತತ್ತ್ವವಿಚಾರವು ನಡೆಯಬಹುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯನ್ನು ನಾನು ಕಾಣೆ.

೩

ತುಳುನಾಡಿನ ಸಾಕ್ಷಿಯು ಹೆಚ್ಚಾಗಿ ಬಾಯಿಮಾತಿನಲ್ಲಿದೆ. ಮೂರ್ತೆಯ ಕಸುಬು ಇಲ್ಲಿ ಬಿಲ್ಲವರದು. ೧೮೯೫ರಲ್ಲಿ ಪ್ರಕಟವಾದ ದಕ್ಷಿಣ ಕನ್ನಡ ಕೈಪಿಡಿಯ ಎರಡನೆಯ ಸಂಪುಟದಲ್ಲಿ ಸ್ಟೂಅರ್ಟನು ಇವರನ್ನು ಜಿಲ್ಲೆಯ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲೆಂದು ಎಣಿಸಿದನು. ಇಷ್ಟು ದೊಡ್ಡ ಸಮುದಾಯದವರೆಲ್ಲರೂ ಮರ ಹತ್ತುವವರಾಗಿರಲಿಲ್ಲ. ಬೇಸಾಯ, ವೈದ್ಯ, ದೈವಾರಾಧನೆಗಳೂ ಅವರಲ್ಲಿದ್ದವು. ಬಿಲ್ಲವರ ವೀರರಾದ ಕೋಟಿ ಚೆನ್ನಯರ ಪಾಡ್ದನದಲ್ಲಿ ಇದು ಸ್ಪಷ್ಟವಾಗಿದೆ. ಅವರ ತಾಯಿ ದೇಯಿ ಬೈದೆತಿಯು ಪಡುಮಲೆಯ ಬಲ್ಲಾಳನ ಕಾಲಿನ ನೋವನ್ನು ವಾಸಿಮಾಡಿದ ವೈದ್ಯೆ. ಸೋದರರು ಪಂಜಕ್ಕೆ ಬಂದು ತಮ್ಮ ಅಕ್ಕ ಕಿನ್ನಿದಾರುವನ್ನು ಗುರುತಿಸುವುದು ಪಯ್ಯ ಬೈದ್ಯನ ಮನೆಯಲ್ಲಿ. ಕಡೆಗೆ ಅವರು ಮಡಿದುದು ಎಣ್ಮೂರಿನ ಕಾಳಗದಲ್ಲಿ. ಪಂಜವೂ ಎಣ್ಮೂರೂ ಸುಬ್ರಹ್ಮಣ್ಯದ ನೆರೆಯ ಊರುಗಳೆಂಬುದನ್ನು ವಾಚಕರು ಮರೆಯಬಾರದು. ಈ ಹಾಡುಗಳು ೧೮೮೬ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರನ ಸಂಗ್ರಹದಲ್ಲಿ ಅಚ್ಚಾಗಿ, ಬಳಿಕ ಬರ್ನೆಲ್ಲನ ಬರಹಗಳ ಮೂಲಕ ಹೊರನಾಡಿನ ವಿದ್ವಾಂಸರಿಗೂ ತಿಳಿದವು.

ಗಡಂಗಿನ ಚರಿತ್ರೆಗೆ ಇದಕ್ಕಿಂತಲೂ ನೇರವಾದುದು ಕೊರಗ ತನಿಯನ ಐತಿಹ್ಯ. ಅನಾಥನಾದ ಕೊರಗರ ಹುಡುಗನನ್ನು ಕಂಡು ಮನೆಗೆ ಕರೆತಂದು ಸಾಕಿದವಳು ಮೈರಕ್ಕೆ ಬೈದೆತಿ. ಅವಳು ಕಳ್ಳು ಮಾರುವವಳು. ಆ ಹುಡುಗನೇ ಮುಂದೆ ಕೊರಗಜ್ಜನೆಂಬ ದೈವವಾಗಿ, ಇಂದಿಗೂ ಕಳ್ಳು, ಚಕ್ಕುಲಿ, ವೀಳ್ಯಗಳನ್ನು ಹರಕೆಯಾಗಿ ಸ್ವೀಕರಿಸುತ್ತಾನೆ. ಐತಿಹ್ಯವನ್ನು ಘಟನೆಯೆಂದು ಸ್ಥಾಪಿಸಲು ಯತ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ಸಮಾಜದಲ್ಲಿ ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟಿದ್ದ ಕುಲದ ಕೂಸಿಗೆ ಆಸರೆಯನ್ನು ಕಲ್ಪಿಸಬೇಕಾದಾಗ ತುಳುವರ ನೆನಪು ಅರಮನೆಯನ್ನಾಗಲಿ ಮಠವನ್ನಾಗಲಿ ಆರಿಸಲಿಲ್ಲ. ಕಳ್ಳು ಮಾರುವ ಹೆಂಗಸಿನ ಮನೆಯನ್ನು ಆರಿಸಿತು. ಬೇರೆಡೆ ಬಾಗಿಲು ಮುಚ್ಚಿದ್ದವರಿಗೆ ಇಲ್ಲಿ ಬಾಗಿಲು ತೆರೆದಿತ್ತೆಂಬ ಅನುಭವವು ಈ ಆಯ್ಕೆಯ ಹಿಂದೆ ಇದ್ದಿರಬೇಕೆಂದು ಊಹಿಸಲು ಅವಕಾಶವುಂಟು.

೪

೧೭೯೯ರಲ್ಲಿ ಟೀಪೂಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆಯು ಕುಂಪಣಿ ಸರಕಾರದ ವಶವಾಯಿತು. ನಿತ್ಯೋಪಯೋಗದ ಪದಾರ್ಥಗಳ ಮೇಲೆ ಸರಕಾರದ ಕೈ ಬಿದ್ದಾಗ ಜನರು ಹೇಗೆ ವರ್ತಿಸಿದರೆಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ೧೮೩೪ರಲ್ಲಿ ಕೊಡಗು ಕುಂಪಣಿಗೆ ಸೇರಿದ ಮೇಲೆ ಅಮರಸುಳ್ಯದ ಮಾಗಣೆಗಳನ್ನು ಕೆಳಗಿನ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಉಪ್ಪು ಹೊಗೆಸೊಪ್ಪುಗಳು ಸರಕಾರದ ಏಕಸ್ವಾಮ್ಯದಲ್ಲಿದ್ದವು. ೧೮೩೭ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಕಲ್ಯಾಣಸ್ವಾಮಿಯ ಹೆಸರಿನಿಂದ ರೈತರು ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ ತಿಂಗಳಿನಲ್ಲಿ ಮಂಗಳೂರನ್ನು ಕೆಲವು ದಿನಗಳ ಕಾಲ ವಶದಲ್ಲಿರಿಸಿಕೊಂಡರು. ದಂಗೆಯು ಕಳ್ಳಿಗಾಗಿ ನಡೆದುದಲ್ಲ. ಆದರೆ ತೆರಿಗೆಯೆಂಬುದು ಉಪ್ಪಿನ ಮಡಕೆಯನ್ನೂ ಎಲೆಯಡಿಕೆಯ ಸಂಚಿಯನ್ನೂ ಹೊಕ್ಕಾಗ ಅದು ರಾಜಕಾರಣವಾಗುತ್ತದೆಂಬುದನ್ನು ಇದು ತೋರಿಸಿತು.

ಕಳ್ಳಿನ ಮೇಲಣ ಹಿಡಿತವು ನಿಧಾನವಾಗಿ ಬಿಗಿಯಾಯಿತು. ೧೮೮೬ರ ಮದರಾಸು ಅಬ್ಕಾರಿ ಕಾನೂನಿನಿಂದ ಇಳಿಸುವುದು, ಸಾಗಿಸುವುದು, ಮಾರುವುದು ಎಲ್ಲವೂ ರಹದಾರಿಗೆ ಒಳಪಟ್ಟವು. ಮರಗಳಿಗೆ ಗುರುತು ಹಾಕಿ ಮರತೆರಿಗೆಯನ್ನು ವಸೂಲುಮಾಡುವ ಪದ್ಧತಿಯೂ ಅಂಗಡಿಯ ಹಕ್ಕನ್ನು ಹರಾಜು ಹಾಕುವ ಪದ್ಧತಿಯೂ ಬೇರೂರಿದವು. ಇದರ ಫಲವು ಗಹನವಾದುದು. ಮೈರಕ್ಕೆಯಂಥವರ ಮನೆಯಂಗಳವಾಗಿದ್ದ ಗಡಂಗು ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರನ ಅಂಗಡಿಯಾಯಿತು. ಕೂಗಿದ ಹಣವನ್ನು ಹಿಂದಕ್ಕೆ ಪಡೆಯಬೇಕಾದರೆ ಅವನು ಹೆಚ್ಚು ಮಾರಲೇಬೇಕು. ಕುಡಿಯುವವನಿಗೆ ಬುದ್ಧಿ ಹೇಳಿದ ಮಾರಯ್ಯನು ಇಂಥ ಹರಾಜಿನಲ್ಲಿ ಗೆಲ್ಲುತ್ತಿರಲಿಲ್ಲ.

೧೯೧೯ರ ಸುಧಾರಣೆಗಳ ಬಳಿಕ ಅಬ್ಕಾರಿಯೂ ವಿದ್ಯಾಭ್ಯಾಸವೂ ಭಾರತೀಯ ಮಂತ್ರಿಗಳ ಕೈಗೆ ಒಟ್ಟಿಗೆ ಬಂದವು. ಶಾಲೆಗಳನ್ನು ಹೆಚ್ಚಿಸಬೇಕೆಂದರೆ ಹಣ ಬೇಕು. ಕೈಯಲ್ಲಿದ್ದ ದೊಡ್ಡ ಹಣವೆಂದರೆ ಅಬ್ಕಾರಿಯದು. ಉಪಾಧ್ಯಾಯರ ಸಂಬಳಕ್ಕೂ ಗಡಂಗಿನ ಮಡಕೆಗೂ ಬಿದ್ದ ಈ ಗಂಟನ್ನು ಸಾಹಿತ್ಯವನ್ನು ಬೋಧಿಸುವ ನಾವು ನೆನಪಿನಲ್ಲಿಡುವುದು ಲೇಸು.

೫

ಮದ್ಯದ ವಿರುದ್ಧವಾದ ಮಾತು ಹೊರಗಿನಿಂದ ಮಾತ್ರ ಬಂದುದಲ್ಲ; ಕಸುಬಿನವರ ಒಳಗಿನಿಂದಲೂ ಎದ್ದಿತು. ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯನ್ನು ನೆರವೇರಿಸಿದ ನಾರಾಯಣಗುರುಗಳು ಮದ್ಯವನ್ನು ತಯಾರಿಸುವುದನ್ನೂ ಕೊಡುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು ಬೋಧಿಸಿದವರು. ಮೂರ್ತೆಯನ್ನು ಬಿಡುವುದು ಬಿಲ್ಲವರಲ್ಲಿ ಅನೇಕರಿಗೆ ಮಾನದ ಪ್ರಶ್ನೆಯಾಯಿತು. ಮರವನ್ನೇ ನಂಬಿದ್ದವರಿಗೆ ಅದು ಅನ್ನದ ಪ್ರಶ್ನೆಯೂ ಆಗಿದ್ದಿತು.

ರಾಷ್ಟ್ರೀಯ ಚಳವಳಿಯಲ್ಲಿ ಗಡಂಗು ಸರಕಾರದ ಬೊಕ್ಕಸದ ಬಾಗಿಲೆಂದು ಎಣಿಸಲ್ಪಟ್ಟು ಅದರ ಮುಂದೆ ಪಿಕೆಟಿಂಗು ನಡೆಯಿತು. ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ೧೯೩೯ರಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹವೇ ನಡೆದು, ಎಸ್. ನಿಜಲಿಂಗಪ್ಪನವರು ಮೊದಲಾದವರು ಸೆರೆಮನೆಗೆ ಹೋದರು. ಮದರಾಸು ಆಧಿಪತ್ಯದಲ್ಲಿ ರಾಜಾಜಿಯವರ ಮಂತ್ರಿಮಂಡಲವು ೧೯೩೭ರ ಅಕ್ಟೋಬರ್ ೧ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತು. ಹೋದ ವರಮಾನವನ್ನು ತುಂಬಲು ೧೯೩೯ರಲ್ಲಿ ಮಾರಾಟ ತೆರಿಗೆಯನ್ನು ತಂದಿತು. ೧೯೪೮ರ ಅಕ್ಟೋಬರ್ ೨ರ ಹೊತ್ತಿಗೆ ದಕ್ಷಿಣ ಕನ್ನಡವೂ ಸೇರಿದಂತೆ ಇಡೀ ಪ್ರಾಂತಕ್ಕೆ ಪಾನನಿರೋಧವು ವ್ಯಾಪಿಸಿತು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ರಾಜಕಾರಣವು ಗಡಂಗಿನ ಬಾಗಿಲನ್ನು ಮುಚ್ಚಲು ಹೊರಟ ದಶಕದಲ್ಲಿಯೇ ಕನ್ನಡ ಸಾಹಿತ್ಯವು ಒಳಗೆ ಕುಳಿತಿದ್ದವನಿಗೆ ಬಾಯಿ ಕೊಟ್ಟಿತು. ಜಿ. ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನು ಆಡುಮಾತಿನಲ್ಲಿ ಹಾಡತೊಡಗಿದುದು ಆಗಲೇ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರ ಚೋಮನ ದುಡಿಯು ೧೯೩೩ರಲ್ಲಿ ಪ್ರಕಟವಾಯಿತು. ಸ್ವಂತ ಬೇಸಾಯಕ್ಕಾಗಿ ಹಂಬಲಿಸುವ, ಅದು ಕೈಗೂಡದೆ ದುಡಿಯನ್ನು ಬಡಿಯುವ ಚೋಮನಿಗೆ ಕಳ್ಳು ನಿತ್ಯದ ಸಂಗಾತಿ. ಕಾದಂಬರಿಯು ಅವನನ್ನು ನಿಂದಿಸುವುದಿಲ್ಲ, ಹೊಗಳುವುದೂ ಇಲ್ಲ. ಗಡಂಗಿಗೆ ಹೋಗುವ ಕಾಸು ಬುಟ್ಟಿ ಹೆಣೆಯುವ ಬೆಳ್ಳಿಯ ಕೈಬೆರಳುಗಳಿಂದಲೂ ಬಂದುದೆಂಬುದನ್ನು ಅದು ಮರೆಸುವುದಿಲ್ಲ. ಅಬ್ಕಾರಿಯ ಕಡತದಲ್ಲಿ ಚೋಮನು ಒಂದು ಅಂಕಿ. ಪ್ರಚಾರಕನ ಭಾಷಣದಲ್ಲಿ ಒಂದು ಎಚ್ಚರಿಕೆ. ಕಾದಂಬರಿಯಲ್ಲಿ ಮಾತ್ರ ಅವನು ಏಕೆ ಕುಡಿದನೆಂಬ ಪ್ರಶ್ನೆಯು ಜಮೀನಿನ ಪ್ರಶ್ನೆಯಾಗಿ ತಿರುಗುತ್ತದೆ. ಗಡಂಗಿನ ರಾಜಕೀಯ ವಿಚಾರವೆಂದರೆ ಇದೇ.

೬

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದುದರಿಂದ, ಒಂದೇ ಕಸುಬು ಎರಡು ರಾಜ್ಯಗಳ ಕಾನೂನುಗಳಿಗೆ ಒಳಪಟ್ಟಿತು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಗಿದೆ. ಕರಾವಳಿಯಲ್ಲಿ ಮೂರ್ತೆದಾರರು ತಮ್ಮದೇ ಸಹಕಾರಿ ಸಂಘಗಳನ್ನು ಕಟ್ಟಿಕೊಂಡರು. ಹರಾಜಿನ ಗುತ್ತಿಗೆದಾರನಿಂದ ಅಂಗಡಿಯನ್ನು ಕಸುಬಿನವರ ಸಮುದಾಯಕ್ಕೆ ಹಿಂದಿರುಗಿಸುವ ಈ ಯತ್ನವು ಚರಿತ್ರೆಯ ದೃಷ್ಟಿಯಿಂದ ಅಲ್ಪವಾದುದಲ್ಲ. ಇಂದು ಇವುಗಳಲ್ಲಿ ಹಲವು ಠೇವಣಿ ಸಾಲಗಳ ವ್ಯವಹಾರವನ್ನು ನಡೆಸುತ್ತಿವೆ. ಹೆಸರಿನಲ್ಲಿ ಮಾತ್ರ ಮೂರ್ತೆಯು ಉಳಿದಿದೆ.

ಮರವನ್ನು ಹತ್ತಬಲ್ಲವರು ಕಡಮೆಯಾದಂತೆ, ಹೊಂಬಾಳೆಯನ್ನು ಹದಗೊಳಿಸುವ ಕ್ರಮಕ್ಕೂ ಮಡಕೆಗೂ ಕತ್ತಿಗೂ ಕಳ್ಳಿನ ರುಚಿಭೇದಗಳಿಗೂ ಇರುವ ಶಬ್ದಗಳು ಅವರೊಡನೆಯೇ ಹೋಗುತ್ತವೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲನ ನಿಘಂಟು ಗ್ರಂಥಗಳಿಂದ ಮಾತ್ರವಲ್ಲದೆ ಜನರ ಬಾಯಿಂದಲೂ ಶಬ್ದಗಳನ್ನು ಹೆಕ್ಕಿತು; ಆ ಕೆಲಸವನ್ನು ಗಡಂಗಿನ ಜಗಲಿಯವರೆಗೆ ಮುಂದುವರಿಸುವುದು ಉಳಿದಿದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಉಪಾಧ್ಯಾಯರು ತಮ್ಮ ಊರಿನ ಒಬ್ಬೊಬ್ಬ ವೃದ್ಧ ಮೂರ್ತೆದಾರನ ಮಾತನ್ನೂ, ಅವನ ಗಳಿಕೆಯಿಂದ ಮನೆ ನಡೆಸಿದ ಹೆಂಗಸಿನ ಮಾತನ್ನೂ ಬರೆದಿಟ್ಟರೆ ಸಾಕು. ಸುಬ್ರಹ್ಮಣ್ಯದ ರಥಬೀದಿಯ ಚರಿತ್ರೆಯನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಪಂಜದ ದಾರಿಯಲ್ಲಿ ಸಂಜೆ ಕುಳಿತವರ ಚರಿತ್ರೆಗೆ ಸಾಕ್ಷಿ ಹೇಳತಕ್ಕವರು ಇನ್ನು ಬಹುಕಾಲ ಇರಲಾರರು.